ಕುಲುಮೆ ಒಂದೇ, ಪಟ್ಟಿ ಬೇರೆ ಏಕೆ?

ಪ್ರಶ್ನೆ: ನಾವು ನಾಲ್ವರು ಗೆಳೆಯರು ಸೇರಿ ವಾಲ್‌ಹೈಮ್ ಎಂಬ ಕಂಪ್ಯೂಟರ್ ಆಟ ಆಡುತ್ತೇವೆ. ಗಾಳಿಮಳೆಗೆ ಲೈನಿನ ಮೇಲೆ ಮರ ಬಿದ್ದು ನಮ್ಮೂರಿನಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ. ಮತ್ತೆ ಆಟಕ್ಕೆ ಬಂದು ನೋಡಿದರೆ ಉಳಿದ ಮೂವರ ಕೈಯಲ್ಲೂ ಕಂಚಿನ ಕೊಡಲಿ. ಅವರು ಕಟ್ಟಿದ ಕುಲುಮೆಯ ಮುಂದೆಯೇ ನಿಂತಿದ್ದರೂ, ಏನೇನು ತಯಾರಿಸಬಹುದು ಎಂದು ತೋರಿಸುವ ನನ್ನ ಪಟ್ಟಿಯಲ್ಲಿ ಆ ಕೊಡಲಿಯ ಹೆಸರೇ ಇಲ್ಲ. ಆಟ ಕೆಟ್ಟಿದೆಯೇ?
(ತೀರ್ಥಹಳ್ಳಿ ಕಡೆಯ ಓದುಗರು)

ಆಟ ಕೆಟ್ಟಿಲ್ಲ. ನಿಮ್ಮ ಪಾತ್ರ ಇನ್ನೂ ಕಂಚನ್ನು ಮುಟ್ಟಿಲ್ಲ, ಅಷ್ಟೇ. ಗೆಳೆಯರ ಪೆಟ್ಟಿಗೆಯಿಂದ ಒಂದು ಕಂಚಿನ ಗಟ್ಟಿಯನ್ನು ತೆಗೆದು ನಿಮ್ಮ ಚೀಲಕ್ಕೆ ಹಾಕಿಕೊಳ್ಳಿ. ಪಟ್ಟಿಯಲ್ಲಿ ಕೊಡಲಿ ಕಾಣಿಸುತ್ತದೆ. ಗಟ್ಟಿಯನ್ನು ಆ ಕೂಡಲೇ ವಾಪಸ್ ಇಟ್ಟರೂ ಹೆಸರು ಅಳಿಸಿಹೋಗುವುದಿಲ್ಲ.

ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಎಷ್ಟೋ ಸಲ ಬಂದಿದೆ. ಕೆಲವರು ಆಟವನ್ನೇ ತೆಗೆದು ಮತ್ತೆ ಹಾಕಿದ್ದಾರೆ. ಒಬ್ಬ ಹುಡುಗ ಬೇಸರದಿಂದ ಪಾತ್ರವನ್ನು ಅಳಿಸಿ ಹೊಸದು ಮಾಡಿಕೊಂಡಿದ್ದ. ದಯವಿಟ್ಟು ಹಾಗೆ ಮಾಡಬೇಡಿ. ಕಲಿತದ್ದೆಲ್ಲ ಇರುವುದು ಆ ಪಾತ್ರದಲ್ಲಿ. ಅದು ಹೋದರೆ ಮರ, ಚರ್ಮದಿಂದ ಹಿಡಿದು ಎಲ್ಲವನ್ನೂ ಮೊದಲಿನಿಂದ ಮುಟ್ಟುತ್ತಾ ಬರಬೇಕು.

ಗೊಂದಲ ಹುಟ್ಟುವುದೂ ಇಲ್ಲಿಯೇ. ಮನೆ, ಪೆಟ್ಟಿಗೆ, ಕುಲುಮೆ ಇವೆಲ್ಲ ಆ ಲೋಕಕ್ಕೆ ಸೇರಿದವು, ನಾಲ್ವರಿಗೂ ಸಮಪಾಲು. ತಿಳಿವಳಿಕೆ ಮಾತ್ರ ಒಬ್ಬೊಬ್ಬರದು. ಒಂದೇ ಜಗಲಿಯಲ್ಲಿ ಕುಳಿತು ಇನ್ನೊಬ್ಬರು ಅಡಿಕೆ ಸುಲಿಯುವುದನ್ನು ನೋಡಿದ ಮಾತ್ರಕ್ಕೆ ಮೆಟ್ಟುಗತ್ತಿ ನಮಗೆ ಒಲಿಯುವುದಿಲ್ಲವಲ್ಲ, ಹಾಗೆ. ಕಂಚಿನ ಕೊಡಲಿಗೆ ಬೇಕಾದದ್ದು 4 ಮರ, 8 ಕಂಚು, 2 ಚರ್ಮದ ತುಂಡು. ಈ ಮೂರನ್ನೂ ನಿಮ್ಮ ಕೈ ಒಮ್ಮೆ ಹಿಡಿದಿರಬೇಕು, ಕುಲುಮೆಯನ್ನು ನೀವು ಕಂಡಿರಬೇಕು. ಒಂದು ಬಾಕಿಯಿದ್ದರೂ ಹೆಸರು ಮಸುಕಾಗಿ ಕೂಡ ತೋರುವುದಿಲ್ಲ. ನನ್ನ ತಕರಾರು ಇರುವುದು ಇದರ ಬಗ್ಗೆಯೇ. ಸಾಮಗ್ರಿ ಸಾಲದಿದ್ದಾಗ ಹೆಸರನ್ನು ಮಸುಕಾಗಿಯಾದರೂ ತೋರಿಸುವ ಆಟ, ತಿಳಿವಳಿಕೆ ಸಾಲದಿದ್ದಾಗ ಒಂದು ಮಾತನ್ನೂ ಹೇಳದೆ ಸುಮ್ಮನಿರುತ್ತದೆ. ಹೊಸಬರಿಗೆ ಅದು ತಮ್ಮದೇ ತಪ್ಪು ಎನ್ನಿಸಿಬಿಡುತ್ತದೆ.

ಕಳೆದ ಭಾನುವಾರ ಸಾಗರದ ನಮ್ಮ ಮನೆಯಲ್ಲಿ ಅಕ್ಕನ ಮಗನನ್ನು ಕೂರಿಸಿಕೊಂಡು ಇದನ್ನೇ ನೋಡಿದೆ. ಅವನದು ಅಂದೇ ಸೇರಿದ ಪಾತ್ರ, ನನ್ನದು ಹಳೆಯ ಲೋಕ. ಪೆಟ್ಟಿಗೆ ತೆರೆದು ಅವನು ಮೊದಲು ತಾಮ್ರ ತೆಗೆದ, ಆಮೇಲೆ ತವರ, ಆಮೇಲೆ ಕಂಚು. ಒಂದೊಂದನ್ನು ಎತ್ತಿದಂತೆ ಪರದೆಯ ಅಂಚಿನಲ್ಲಿ ಹೊಸ ಹೆಸರುಗಳು ಸಾಲಾಗಿ ಬರತೊಡಗಿದವು. “ಇಷ್ಟೇನಾ ಮಾಮ?” ಎಂದು ನನ್ನ ಮುಖ ನೋಡಿದ. ಇಷ್ಟೇ.

ಇನ್ನೊಂದು ಸಂಗತಿ ನಿಮ್ಮ ಉಪಯೋಗಕ್ಕೆ. ಈ ಆಟದ ಮಾಮೂಲಿ ನಿಯಮದಲ್ಲಿ ತಾಮ್ರ, ತವರ, ಕಂಚು, ಕಬ್ಬಿಣ ಯಾವುದೂ ಕ್ಷಣದಲ್ಲಿ ದೂರಕ್ಕೆ ಒಯ್ಯುವ ಮರದ ಮಾಯಾದ್ವಾರವನ್ನು ದಾಟುವುದಿಲ್ಲ. ದೋಣಿಯಲ್ಲೋ ಗಾಡಿಯಲ್ಲೋ ಸಾಗಿಸಬೇಕು. ತಿಳಿವಳಿಕೆಗೆ ಆ ತಡೆ ಇಲ್ಲ. ನಿಮ್ಮ ಮನೆ ದೂರದ ದ್ವೀಪದಲ್ಲಿದ್ದರೆ ಬರಿಗೈಯಲ್ಲಿ ದ್ವಾರ ದಾಟಿ ಗೆಳೆಯರ ಮನೆಗೆ ಹೋಗಿ, ಗಟ್ಟಿಯನ್ನು ಮುಟ್ಟಿ, ಅಲ್ಲಿಯೇ ಇಟ್ಟು, ಬರಿಗೈಯಲ್ಲೇ ಹಿಂದಿರುಗಿ. ಹೆಸರು ನಿಮ್ಮ ಜೊತೆಗೇ ಬರುತ್ತದೆ.

ಕೊಡಲಿ ಸಿಕ್ಕ ಮರುದಿನ ನೀವು ಕೇಳಲಿರುವ ಪ್ರಶ್ನೆಗೂ ಈಗಲೇ ಉತ್ತರ ಹೇಳಿಬಿಡುತ್ತೇನೆ. ಕೊಡಲಿಯನ್ನು ಮೇಲ್ದರ್ಜೆಗೆ ಏರಿಸಲು ಹೋದರೆ ಕಂಚು ಸಾಕಷ್ಟಿದ್ದರೂ ಆಟ ಬಿಡುವುದಿಲ್ಲ. ವಸ್ತು ಒಂದು ಮಟ್ಟ ಏರಬೇಕಾದರೆ ಕುಲುಮೆಯೂ ಒಂದು ಮಟ್ಟ ಏರಿರಬೇಕು ಎಂಬುದು ಇಲ್ಲಿಯ ಲೆಕ್ಕ. ಒಂದನೇ ಮಟ್ಟದ ಕುಲುಮೆಯಲ್ಲಿ ಹುಟ್ಟಿದ ಕೊಡಲಿಗೆ ಎರಡನೇ ದರ್ಜೆ ಬೇಕೆಂದರೆ ಎರಡನೇ ಮಟ್ಟದ ಕುಲುಮೆ, ನಾಲ್ಕನೇ ದರ್ಜೆಗೆ ನಾಲ್ಕನೇ ಮಟ್ಟದ್ದು. ಕುಲುಮೆಯನ್ನೇ ಒತ್ತಿ ಮಟ್ಟ ಏರಿಸುವ ಗುಂಡಿ ಎಲ್ಲಿಯೂ ಇಲ್ಲ. ಅದನ್ನು ಹುಡುಕುತ್ತಾ ನಾನು ಒಂದು ಸಂಜೆಯನ್ನೇ ಕಳೆದಿದ್ದೆ. ಪಕ್ಕದಲ್ಲಿ ಉಪಕರಣ ಕಟ್ಟಿದರೆ ಮಟ್ಟ ತಾನಾಗಿ ಏರುತ್ತದೆ. 5 ಮರ, 2 ಕಂಚು ಕೊಟ್ಟು ಅಡಿಗಲ್ಲು ಇಟ್ಟರೆ ಒಂದು ಮಟ್ಟ. ಅದೇ ಅಡಿಗಲ್ಲನ್ನು ಇನ್ನೊಂದು ಇಟ್ಟರೆ ಏನೂ ಇಲ್ಲ, ಒಂದು ಬಗೆಯದು ಒಂದೇ ಸಲ ಲೆಕ್ಕಕ್ಕೆ. ದೂರ ಇಟ್ಟರೂ ಸೇರುವುದಿಲ್ಲ. ಸೇರಿದೆಯೋ ಇಲ್ಲವೋ ಎಂಬುದಕ್ಕೆ ಉಪಕರಣದಿಂದ ಕುಲುಮೆಗೆ ಹರಿಯುವ ಬೆಳಕಿನ ಎಳೆಯನ್ನು ನೋಡಿಕೊಳ್ಳಿ.

ಮರಗೆಲಸದ ಮೇಜಿಗೂ ಇದೇ ಕ್ರಮ. 10 ಮರ, 10 ಚಕಮಕಿ ಕಲ್ಲಿಗೆ ಕೊರಡು ಸಿಗುತ್ತದೆ, ಆಮೇಲೆ ಚರ್ಮ ಹದ ಮಾಡುವ ಚೌಕಟ್ಟು. ಮೂರನೆಯದಾದ ಬಾಚಿಗೆ 3 ಕಂಚು ಬೇಕು. ಕೊನೆಯದಾದ, ಉಪಕರಣ ಇಡುವ ಹಲಗೆಗೆ ಜೌಗು ನಾಡಿನ ಕಬ್ಬಿಣ, ಹಿಮಪರ್ವತದ ಕಪ್ಪು ಗಾಜುಗಲ್ಲು. ಅಂದರೆ ಚರ್ಮದ ಅಂಗಿಯನ್ನು ಕೊನೆಯ ದರ್ಜೆಗೆ ಏರಿಸಲು ನೀವು ಪರ್ವತ ಹತ್ತಿ ಬರಬೇಕು! ಹಾಗಾಗಿ ಆರಂಭದಲ್ಲಿ ಎಲ್ಲವನ್ನೂ ತುತ್ತತುದಿಗೆ ಏರಿಸುವ ಹಟ ಬೇಡ. ಮೇಜಿಗೆ ಮಾಡು ಇರಬೇಕು ಎಂಬುದನ್ನೂ, ನೆನೆಯುವ ಮರ ಅರ್ಧದಷ್ಟು ಬಲ ಕಳೆದುಕೊಳ್ಳುತ್ತದೆ ಎಂಬುದನ್ನೂ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಖರ್ಚಿನ ಬಗ್ಗೆ ಒಂದು ಮಾತು. ಒಂದು ಕಂಚಿಗೆ 2 ತಾಮ್ರ, 1 ತವರ. ಎಂಟು ಕಂಚಿಗೆ 24 ಗಟ್ಟಿ. ಪ್ರತಿ ಅದಿರು ಕರಗಲು 2 ಇದ್ದಿಲು, ಪ್ರತಿ ಇದ್ದಿಲಿಗೆ 1 ಮರ. ಒಂದು ಕೊಡಲಿಗಾಗಿ 48 ಮರ ಬರೀ ಒಲೆಗೆ ಹೋಯಿತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದಾಗ ಅಲ್ಲಿಯ ಕುಲುಮೆ ಉರಿದದ್ದೂ ನಮ್ಮ ಕಾಡಿನ ಇದ್ದಿಲಿನಿಂದಲೇ. ಆ ಊರಿನ ಹಿರಿಯರಿದ್ದರೆ ಆಟದ ಈ ಲೆಕ್ಕವನ್ನು ತೋರಿಸಿ, ಅವರಿಗೆ ಥಟ್ಟನೆ ಅರ್ಥವಾಗುತ್ತದೆ. ನೀವು ಗೈರಾಗಿದ್ದ ಮೂರು ದಿನ ಗೆಳೆಯರು ಎಷ್ಟು ಮರ ಕಡಿದಿರಬೇಕು ಎಂಬುದೂ ಇದರಿಂದ ತಿಳಿಯುತ್ತದೆ.

ಇದೇ ನಿಯಮ ಎಲ್ಲ ಆಟಗಳಿಗೂ ಅನ್ವಯಿಸುವುದಿಲ್ಲ. ರಸ್ಟ್‌ನಲ್ಲಿಯೂ ಕಲಿಕೆ ಒಬ್ಬೊಬ್ಬರದೇ, ಆದರೆ ಅಲ್ಲಿ ಮುಟ್ಟಿದರೆ ಸಾಲದು, ಗುಜರಿ ತೆತ್ತು ನಕ್ಷೆ ಕಲಿಯಬೇಕು. ಮೈನ್‌ಕ್ರಾಫ್ಟ್‌ನಲ್ಲಿ ತೊಡಕು ಬೇರೆ: ವಜ್ರದ ಕವಚವನ್ನು ನೆದರೈಟ್ ಎಂಬ ಇನ್ನೂ ಬಲವಾದ ಲೋಹದ್ದಾಗಿ ಮಾಡಲು ಮೊದಲು ಆ ಲೋಹದ ಗಟ್ಟಿಯೊಂದೇ ಸಾಕಿತ್ತು, 2023ರ 1.20 ಆವೃತ್ತಿಯಿಂದ ಒಂದು ಅಚ್ಚೂ ಬೇಕು. ಹಳೆಯ ವಿಡಿಯೊ ನೋಡಿ ಕೈಸುಟ್ಟುಕೊಂಡವರು ಬಹಳ. ಅಚ್ಚು ಸಿಕ್ಕ ತಕ್ಷಣ ಬಳಸಬೇಡಿ, ಬಳಸಿದರೆ ಖರ್ಚಾಗುತ್ತದೆ. 7 ವಜ್ರ, ಒಂದು ನೆದರ್‌ರ‍್ಯಾಕ್ ಕಲ್ಲು ಕೊಟ್ಟು ಮೊದಲು ನಕಲು ಮಾಡಿಕೊಳ್ಳಿ.

ನಿಮ್ಮ ಗೆಳೆಯರಿಗೂ ಒಂದು ಕೋರಿಕೆ. ಮಳೆಗಾಲ ಮುಗಿಯುವವರೆಗೆ ಯಾರ ಮನೆಯಲ್ಲಾದರೂ ಕರೆಂಟ್ ಹೋಗುತ್ತಲೇ ಇರುತ್ತದೆ. ಬಾಗಿಲ ಪಕ್ಕ ಒಂದು ಸಣ್ಣ ಪೆಟ್ಟಿಗೆ ಇಡಿ. ಹೊಸದೇನು ಸಿಕ್ಕರೂ ಅದರಲ್ಲಿ ಒಂದೊಂದನ್ನು ಹಾಕಿಡಿ, ಅದನ್ನು ಯಾರೂ ಖರ್ಚು ಮಾಡಬಾರದು. ತಡವಾಗಿ ಬಂದವರು ಮೊದಲು ಆ ಪೆಟ್ಟಿಗೆಯನ್ನು ತೆರೆಯಲಿ.