ಫರ್ಮ್‌ವೇರ್ ಫೈಲ್: ಇನ್‌ಸ್ಟಾಲ್ ಇಮೇಜಿನಲ್ಲಿ ಅದರ ಜಾಗ ಎಲ್ಲಿ?

ವೈಫೈ ಚಿಪ್ಪಿನೊಳಗೂ ಒಂದು ಪುಟ್ಟ ಪ್ರೊಸೆಸರ್ ಇರುತ್ತದೆ. ಅದರ ಮೇಲೆ ಓಡುವ ಪ್ರೋಗ್ರಾಮೇ ಫರ್ಮ್‌ವೇರ್. ಡ್ರೈವರ್ ಬೇರೆ, ಅದು ಓಡುವುದು ಕಂಪ್ಯೂಟರಿನ ಸಿಪಿಯು ಮೇಲೆ. ಬಹಳಷ್ಟು ವೈಫೈ, ಗ್ರಾಫಿಕ್ಸ್ ಚಿಪ್ಪುಗಳಲ್ಲಿ ಫರ್ಮ್‌ವೇರ್ ಉಳಿಯುವುದಿಲ್ಲ, ಕರೆಂಟ್ ಹೋದರೆ ಅದೂ ಹೋಯಿತು. ಹಾಗಾಗಿ ಪ್ರತಿ ಬೂಟ್‌ನಲ್ಲೂ ಡ್ರೈವರ್ ಒಂದು ಫೈಲನ್ನು ಹೆಸರು ಹಿಡಿದು ಕೇಳುತ್ತದೆ. ಲಿನಕ್ಸಿನ ತಿರುಳಾದ ಕರ್ನೆಲ್ ಅದನ್ನು 'ಲಿಬ್' ಫೋಲ್ಡರಿನೊಳಗಿನ 'ಫರ್ಮ್‌ವೇರ್' ಫೋಲ್ಡರಿನಲ್ಲಿ ಹುಡುಕಿ ಕೊಡುತ್ತದೆ.

ಹುಬ್ಬಳ್ಳಿಯ ಕೊಪ್ಪಿಕರ್ ರೋಡಿನಲ್ಲಿ ಕೊಂಡ ಹತ್ತು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಗದಗ ಜಿಲ್ಲೆಯ ಶಾಲೆಯೊಂದಕ್ಕೆ ಹೋಗುತ್ತವೆ ಎನ್ನಿ. ಒಂದರಲ್ಲಿ ಇಂಟೆಲ್ ವೈಫೈ, ಇನ್ನೊಂದರಲ್ಲಿ ರಿಯಲ್‌ಟೆಕ್, ಮತ್ತೊಂದರಲ್ಲಿ ಬ್ರಾಡ್‌ಕಾಮ್. ಧಾರವಾಡದಲ್ಲಿ ಕೂತು ಒಂದು ಲ್ಯಾಪ್‌ಟಾಪಿನಲ್ಲಿ ಪರೀಕ್ಷಿಸಿದ ಇಮೇಜ್ (ಲಿನಕ್ಸ್ ಹಾಕಲು ಕಟ್ಟಿಟ್ಟ ಫೈಲ್) ಉಳಿದವುಗಳಲ್ಲಿ ವೈಫೈ ಕಾಣದೆ ನಿಲ್ಲಬಹುದು. ಫೈಲ್ ಇಳಿಸಲು ನೆಟ್ ಬೇಕು, ನೆಟ್‌ಗೆ ಆ ಫೈಲೇ ಬೇಕು.

ಡೆಬಿಯನ್ ಎಂಬ ಲಿನಕ್ಸ್ ಬಳಸುವವರಿಗೆ ಈಗ ಕೆಲಸ ಹಗುರ. ಅದರ ಡೆವಲಪರುಗಳ 2022ರ ಮತದಾನದ ನಂತರ, 2023ರಲ್ಲಿ ಬಂದ 12ನೇ ಆವೃತ್ತಿಯಿಂದ ಅಧಿಕೃತ ಇನ್‌ಸ್ಟಾಲರಿನಲ್ಲೇ ಮುಕ್ತವಲ್ಲದ (ಮುಕ್ತ ಲೈಸೆನ್ಸ್ ಇಲ್ಲದ) ಫರ್ಮ್‌ವೇರ್ ಸೇರಿದೆ. ಆದರೆ ಲೈವ್-ಬಿಲ್ಡ್ ಎಂಬ ಟೂಲ್‌ನಿಂದ ಸ್ವಂತ ಇಮೇಜ್ ಕಟ್ಟುವಾಗ 'ನಾನ್-ಫ್ರೀ-ಫರ್ಮ್‌ವೇರ್' ವಿಭಾಗ ಆನ್ ಆಗಿದೆಯೇ ನೋಡಿಕೊಳ್ಳಿ. ಇಂಟೆಲ್, ರಿಯಲ್‌ಟೆಕ್, ಅಥೆರಾಸ್, ಬ್ರಾಡ್‌ಕಾಮ್, ಎಎಮ್‌ಡಿ ಗ್ರಾಫಿಕ್ಸ್ ಪ್ಯಾಕೇಜುಗಳನ್ನು ಪಟ್ಟಿಗೆ ಸೇರಿಸಿ. ಕೆಲವು ನೂರು ಎಂಬಿ ಉಳಿಸಲು ಇವನ್ನು ಕಿತ್ತುಹಾಕುವುದು ಜಿಪುಣತನ. ಹಳೇ ಬ್ರಾಡ್‌ಕಾಮ್ ಚಿಪ್ಪಿನ 'ಬಿ43' ಪ್ಯಾಕೇಜಿನಲ್ಲಂತೂ ಫೈಲೇ ಇಲ್ಲ, ಇನ್‌ಸ್ಟಾಲ್ ಆಗುವಾಗ ನೆಟ್‌ನಿಂದ ಇಳಿಸಿಕೊಳ್ಳುತ್ತದೆ. ಅದನ್ನು ಇಮೇಜ್ ಕಟ್ಟುವಾಗಲೇ ಮುಗಿಸಿ.

ಜನ ಹೆಚ್ಚು ಎಡವುವುದು ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ, ಅಂದರೆ ಬೂಟ್ ಆಗುವಾಗ ಡಿಸ್ಕ್ ತೆರೆಯುವ ಮೊದಲು ಮೆಮೊರಿಗೆ ಬರುವ ಪುಟ್ಟ ಫೈಲ್ ಕಟ್ಟಿನಲ್ಲಿ. ಎಎಮ್‌ಡಿ ಗ್ರಾಫಿಕ್ಸ್ ಡ್ರೈವರ್ ಡಿಸ್ಕ್ ತೆರೆಯುವ ಮೊದಲೇ ಎದ್ದರೆ ಅದರ ಫರ್ಮ್‌ವೇರೂ ಅಲ್ಲಿಯೇ ಇರಬೇಕು. ಇಲ್ಲದಿದ್ದರೆ ಪರದೆ ಕಪ್ಪು. ಫೈಲ್ ಹಾಕಿ 'ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್' ನಡೆಸದೆ ಬಿಟ್ಟರೆ ಹಳೆಯದೇ ಉಳಿಯುತ್ತದೆ. ಅದರೊಳಗೆ ಯಾವ ಡ್ರೈವರ್ ಸೇರಬೇಕು ಎನ್ನುವ ಮಾಡ್ಯೂಲ್ಸ್ ಸೆಟ್ಟಿಂಗ್ 'ಡೆಪ್' ಇದ್ದರೆ ಕಟ್ಟಿದ ಯಂತ್ರಕ್ಕೆ ಬೇಕಾದದ್ದಷ್ಟೇ ಸೇರುತ್ತದೆ. ಹಲವು ಯಂತ್ರಗಳಿಗೆ 'ಮೋಸ್ಟ್' ಇರಲಿ.

ಕರ್ನೆಲ್ ಲಾಗ್‌ನಲ್ಲಿ 'ಫೇಲ್ಡ್ ವಿತ್ ಎರರ್ ಮೈನಸ್ 2' ಕಂಡರೆ ಫೈಲ್ ಸಿಗಲಿಲ್ಲ ಎಂದರ್ಥ. ಗಾಬರಿ ಬೇಡ. ಇಂಟೆಲ್ ಡ್ರೈವರ್ ಮೊದಲು ಹೊಸ ಆವೃತ್ತಿ ಕೇಳಿ, ಸಿಗದಿದ್ದರೆ ಹಳೆಯದಕ್ಕೆ ಇಳಿಯುತ್ತದೆ. ಕೆಳಗೆ 'ಲೋಡೆಡ್ ಫರ್ಮ್‌ವೇರ್ ವರ್ಷನ್' ಎಂದಿದ್ದರೆ ಸಾಕು. ಅದೂ ಇಲ್ಲದೆ ಲ್ಯಾನ್ ಪೋರ್ಟೂ ಇಲ್ಲದಿದ್ದರೆ, ಆಂಡ್ರಾಯ್ಡ್ ಫೋನಿನ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ ಪ್ಯಾಕೇಜ್ ಇಳಿಸಿ. ಅದಕ್ಕೆ ಪ್ರತ್ಯೇಕ ಫರ್ಮ್‌ವೇರ್ ಬೇಕಿಲ್ಲ.