ನೆಗಡಿಯಾದರೆ ಮೂಗು ಕೊಯ್ಯಬೇಕೇ? ಹಳೆಯ ಡೀಸೆಲ್ ಕಾರಿನ ಇಜಿಆರ್ ಕಥೆ

ಪ್ರಶ್ನೆ: ನನ್ನದು 2011ರ ಡೀಸೆಲ್ ಕಾರು, 1,40,000 ಕಿ.ಮೀ. ಓಡಿದೆ. ಇತ್ತೀಚೆಗೆ ಪಿಕಪ್ ಕಡಿಮೆಯಾಗಿದೆ, ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ನಡುಗುತ್ತದೆ, ಹೊರಡುವಾಗ ಕಪ್ಪು ಹೊಗೆ ಉಗುಳುತ್ತದೆ. ‘ಇಜಿಆರ್ ಕಟ್ಟಿಕೊಂಡಿದೆ, ತಗಡು ಹಾಕಿ ಮುಚ್ಚಿಬಿಡೋಣ, ಮೈಲೇಜೂ ಏರುತ್ತದೆ’ ಎನ್ನುತ್ತಾರೆ ಮೆಕ್ಯಾನಿಕ್. ಮುಚ್ಚಿಸಲೇ?

ಬೇಡ. ಬಿಚ್ಚಿಸಿ, ತೊಳೆಸಿ, ಅದನ್ನೇ ಮತ್ತೆ ಹಾಕಿಸಿ. ಹಾಗೆಂದು ನಿಮ್ಮ ಮೆಕ್ಯಾನಿಕ್ ಪೂರ್ತಿ ಸುಳ್ಳು ಹೇಳುತ್ತಿದ್ದಾರೆ ಎಂದೇನಲ್ಲ. ರೋಗ ಸರಿಯಾಗಿಯೇ ಹಿಡಿದಿದ್ದಾರೆ, ಮದ್ದು ಮಾತ್ರ ತಪ್ಪು.

ಇಜಿಆರ್ ಎಂದರೆ ಎಂಜಿನ್ನಿನಿಂದ ಹೊರಬಿದ್ದ ಹೊಗೆಯಲ್ಲಿ ಒಂದು ಪಾಲನ್ನು ಮತ್ತೆ ಒಳಗೆ ಬಿಡುವ ವಾಲ್ವ್. ಎಂಜಿನ್ನಿಗೆ ಅದರದೇ ಎಂಜಲು ತಿನ್ನಿಸುವುದೇಕೆ ಎಂದು ಗ್ಯಾರೇಜುಗಳಲ್ಲಿ ನಗುವವರಿದ್ದಾರೆ. ಕಾರಣ ಇಷ್ಟು: ನಾವು ಉಸಿರಾಡುವ ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ನೈಟ್ರೋಜನ್. ಸಾಮಾನ್ಯವಾಗಿ ಅದು ಯಾರ ತಂಟೆಗೂ ಹೋಗುವುದಿಲ್ಲ. ಆದರೆ ಸಿಲಿಂಡರಿನೊಳಗಿನ ಕಡುಬಿಸಿಯಲ್ಲಿ ಆಮ್ಲಜನಕದೊಂದಿಗೆ ಕೂಡಿಕೊಂಡು ನೈಟ್ರೋಜನ್ ಆಕ್ಸೈಡುಗಳೆಂಬ ಕೆಟ್ಟ ಅನಿಲಗಳಾಗುತ್ತದೆ. ಈಗಾಗಲೇ ಉರಿದುಹೋದ ಹೊಗೆಯಲ್ಲಿ ಆಮ್ಲಜನಕ ಕಡಿಮೆ. ಅದನ್ನು ಬೆರೆಸಿದರೆ ಉರಿಯ ಕಾವು ಇಳಿಯುತ್ತದೆ, ಈ ಅನಿಲಗಳೂ ಇಳಿಯುತ್ತವೆ.

ತೊಂದರೆ ಹುಟ್ಟುವುದು ಹೊಗೆಯ ಜೊತೆ ಬರುವ ಮಸಿಯಿಂದ. ಎಂಜಿನ್ನಿನ ತಳದಿಂದ ಬ್ರೀದರ್ ಕೊಳವೆಯ ಮೂಲಕ ಎಣ್ಣೆಯ ಆವಿಯೂ ಅದೇ ದಾರಿಗೆ ಬಂದು ಸೇರುತ್ತದೆ. ಮಸಿ, ಎಣ್ಣೆ ಎರಡೂ ಸೇರಿದರೆ ಏನಾಗುತ್ತದೆ ಎಂಬುದು ಮನೆಯಲ್ಲಿ ಕಾಡಿಗೆ ಮಾಡಿದವರಿಗೆ ಗೊತ್ತು. ನನ್ನ ಹಳೆಯ ಕಾರಿನ ವಾಲ್ವನ್ನು ಮೊದಲ ಸಲ ಬಿಚ್ಚಿಸಿದಾಗ ಹೆಬ್ಬೆರಳು ತೂರುವಷ್ಟಿದ್ದ ದಾರಿಯಲ್ಲಿ ಕಿರುಬೆರಳೂ ಹೋಗಲಿಲ್ಲ. ಹಳ್ಳಿಯ ಅಡುಗೆಮನೆಯ ಅಟ್ಟದಲ್ಲಿ ಜೋತಾಡುವ ಇಲ್ಲಣವನ್ನು ತಂದು ಮೆತ್ತಿದಂತಿತ್ತು. ಕೈ ತೊಳೆದರೂ ಉಗುರಿನ ಸಂದಿನ ಕಪ್ಪು ಎರಡು ದಿನ ಬಿಡಲಿಲ್ಲ.

ಇಷ್ಟು ಮೆತ್ತಿಕೊಂಡ ವಾಲ್ವ್ ಪೂರ್ತಿ ಮುಚ್ಚಲಾರದೆ ಅರ್ಧ ತೆರೆದೇ ನಿಲ್ಲುತ್ತದೆ. ಬೇಡದ ಹೊತ್ತಿನಲ್ಲೂ ಹೊಗೆ ಒಳನುಗ್ಗುತ್ತದೆ, ಹೊಸ ಗಾಳಿ ಸಾಲುವುದಿಲ್ಲ. ನೀವು ಹೇಳಿದ ಮೂರೂ ಲಕ್ಷಣಗಳಿಗೆ ಇದೇ ಕಾರಣವಿರಬಹುದು. ಇನ್ನು ಪಿಕಪ್, ಮೈಲೇಜಿನ ಮಾತು. ಚಾರ್ಮಾಡಿ ಘಾಟಿಯಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಆರೋಗ್ಯವಂತ ಇಜಿಆರ್ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಅದರ ಕೆಲಸವೆಲ್ಲ ನಿಧಾನದ, ಹಗುರ ಓಟದಲ್ಲಿ. ಹಾಗಾಗಿ ಅದು ನಿಮ್ಮ ಶಕ್ತಿಯನ್ನೇನೂ ಕದಿಯುತ್ತಿಲ್ಲ. ತಗಡು ಹಾಕಿಸಿದ ಮೇಲೆ ಕಾರು ಹಕ್ಕಿಯಂತೆ ಹಾರಿತು ಎನ್ನುವವರು ಹೋಲಿಸುವುದು ಕೆಟ್ಟು ನಿಂತ ವಾಲ್ವಿನ ಜೊತೆ. ತೊಳೆಸಿದ್ದರೂ ಹೆಚ್ಚುಕಡಿಮೆ ಅಷ್ಟೇ ಹಾರುತ್ತಿತ್ತು.

ಮುಚ್ಚಿಸಿದರೆ ಗಾಳಿ ಎಂಜಿನ್ನಿಗೆ ಹೋಗುವ ದಾರಿಯಾದ ಇಂಟೇಕ್ ಒಳಗೆ ಹೊಸ ಮಸಿ ಸೇರುವುದಿಲ್ಲ, ನಿಜ. ಆದರೆ ಹಲವು ಕಾರುಗಳಲ್ಲಿ ಎಂಜಿನ್ನಿನ ಕಂಪ್ಯೂಟರ್ ಒಳಬರುವ ಗಾಳಿಯನ್ನು ಅಳೆಯುತ್ತಲೇ ಇರುತ್ತದೆ. ವಾಲ್ವ್ ತೆರೆಯಲು ಹೇಳಿದರೂ ಹೊಸ ಗಾಳಿ ಕಡಿಮೆಯಾಗದಿದ್ದರೆ ಅದಕ್ಕೆ ಅನುಮಾನ ಬರುತ್ತದೆ, ಮೀಟರಿನಲ್ಲಿ ಹಳದಿ ದೀಪ ಹತ್ತುತ್ತದೆ. ಕೆಲವು ಕಾರುಗಳು ಶಕ್ತಿಯನ್ನೇ ತಗ್ಗಿಸಿಕೊಂಡು ಕುಂಟುತ್ತವೆ. ಆಗ ತಗಡಿನಲ್ಲೊಂದು ತೂತು ಕೊರೆಯುವುದು, ಸಾಫ್ಟ್‌ವೇರ್ ತಿದ್ದಿಸುವುದು ಎಂದು ಹೊಸ ಖರ್ಚಿನ ಸಾಲು ಶುರು.

‘ಎಮಿಷನ್ ಟೆಸ್ಟ್‌ನಲ್ಲಿ ಪಾಸಾಗುತ್ತದೆಯಲ್ಲ’ ಎಂಬ ಮಾತೂ ಬರುತ್ತದೆ. ಆಗಬಹುದು. ಬಂಕ್ ಪಕ್ಕದ ವ್ಯಾನಿನಲ್ಲಿ ಡೀಸೆಲ್ ಕಾರಿಗೆ ಅಳೆಯುವುದು ಹೊಗೆಯ ದಟ್ಟತೆಯನ್ನು ಮಾತ್ರ: ಹೊಗೆ ಬೆಳಕನ್ನು ಎಷ್ಟು ತಡೆಯುತ್ತದೆ ಎಂಬ ಲೆಕ್ಕದಲ್ಲಿ ಬಿಎಸ್-4 (ಭಾರತ್ ಸ್ಟೇಜ್ ಎಂಬ ಮಾಲಿನ್ಯ ಮಾನದಂಡದ ನಾಲ್ಕನೇ ಹಂತ) ಕಾರಿಗೆ ಮಿತಿ 1.62, ಅದಕ್ಕಿಂತ ಹಳೆಯದಕ್ಕೆ 2.45. (ಬೆಂಗಳೂರಿಗೆ ಬಿಎಸ್-4 ಬಂದದ್ದು 2010ರ ಏಪ್ರಿಲ್‌ನಲ್ಲಿ, ಇಡೀ ದೇಶಕ್ಕೆ 2017ರಲ್ಲಿ, ನಿಮ್ಮದು ಯಾವುದೆಂದು ಆರ್‌ಸಿ ನೋಡಿಕೊಳ್ಳಿ.) ನೈಟ್ರೋಜನ್ ಆಕ್ಸೈಡನ್ನು ಆ ವ್ಯಾನಿನಲ್ಲಿ ಯಾರೂ ಅಳೆಯುವುದಿಲ್ಲ. ತಗಡು ಹಾಕಿದ ಕಾರು ಕಪ್ಪು ಹೊಗೆ ಕಡಿಮೆ ಬಿಟ್ಟು ಸರ್ಟಿಫಿಕೇಟ್ ಪಡೆದು, ಶ್ವಾಸಕೋಶ ಕೆರಳಿಸುವ, ಬಿಸಿಲಿನಲ್ಲಿ ಓಝೋನ್ ಹುಟ್ಟಿಸುವ ಅನಿಲವನ್ನು ಹೆಚ್ಚು ಬಿಡುತ್ತಾ ಓಡಾಡುತ್ತದೆ. 2015ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಫೋಕ್ಸ್‌ವ್ಯಾಗನ್ ಸಿಕ್ಕಿಬಿದ್ದದ್ದೂ ಇದೇ ಅನಿಲದ ವಿಷಯದಲ್ಲಿ. ಪರೀಕ್ಷೆಯ ಹೊತ್ತಿಗೆ ಒಂದು ನಡತೆ, ರಸ್ತೆಯಲ್ಲಿ ಇನ್ನೊಂದು. ಅವರು ಸಾಫ್ಟ್‌ವೇರಿನಲ್ಲಿ ಮಾಡಿದ್ದನ್ನು ನಮ್ಮಲ್ಲಿ ತಗಡಿನ ತುಂಡಿನಲ್ಲಿ ಮಾಡುತ್ತಾರೆ, ಅಷ್ಟೇ.

ಕಾನೂನಿನ ಪ್ರಕಾರವೂ ಇದು ತಪ್ಪು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ, ಅನುಮತಿಯಿಲ್ಲದೆ ಮಾಡಿಸಿದ ಪ್ರತಿ ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಮಾಲಿನ್ಯದ ಮಾನದಂಡ ಮೀರಿದ ಗಾಡಿ ಓಡಿಸಿದರೆ ದಂಡ 10,000 ರೂಪಾಯಿವರೆಗೆ.

ಪೆಟ್ರೋಲ್ ಕಾರಿನವರೂ ಇದೇ ಧಾಟಿಯಲ್ಲಿ ಕೇಳುತ್ತಾರೆ: ಹೊಗೆಯ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸಲೇ? ಅದೂ ಬೇಡ. ಅದು ಕೆಡುವುದು ಹೆಚ್ಚಾಗಿ ಬೇರೆಯವರ ತಪ್ಪಿಗೆ. ಪ್ಲಗ್ ಸರಿಯಾಗಿ ಕಿಡಿ ಹಾರಿಸದಿದ್ದರೆ ಉರಿಯದ ಪೆಟ್ರೋಲ್ ಅಲ್ಲಿಗೆ ಹೋಗಿ ಉರಿದು ಜೇನುಗೂಡಿನಂಥ ಒಳಭಾಗವನ್ನು ಕರಗಿಸುತ್ತದೆ. ಕೂಲಿಯೇ ಬೇಡ, ಸುಮ್ಮನೆ ತೆಗೆದುಕೊಡುತ್ತೇನೆ ಎನ್ನುವವರು ಸಿಕ್ಕರೆ ಹುಷಾರು: ಅದರೊಳಗಿರುವುದು ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂನಂಥ ದುಬಾರಿ ಲೋಹಗಳು.

ನಿಮ್ಮ ಕಾರಿಗೆ ಮರಳೋಣ. ವಾಲ್ವನ್ನು ಕಾರ್ಬ್ ಕ್ಲೀನರ್ ಸ್ಪ್ರೇ ಹಾಕಿ ನೆನೆಯಲು ಬಿಟ್ಟು ಮೆದು ಬ್ರಷ್‌ನಿಂದ ಉಜ್ಜಿದರೆ ಸಾಕು. ಸ್ಕ್ರೂಡ್ರೈವರಿನಿಂದ ಮೀಟಲು ಬಿಡಬೇಡಿ. ವಿದ್ಯುತ್ ಕನೆಕ್ಟರ್ ಇರುವ ಕಡೆಗೆ ದ್ರವ ಹೋಗಬಾರದು, ಗ್ಯಾಸ್ಕೆಟ್ ಹೊಸದೇ ಇರಲಿ. ಬಿಚ್ಚುವಾಗ ಮಾತ್ರ ನೀವೇ ಗ್ಯಾರೇಜಿನಲ್ಲಿ ನಿಂತಿರಿ, ತೊಳೆಯುವ ಮೊದಲು ಒಳಗಿನ ಕಪ್ಪನ್ನು ಬೆರಳಿನಿಂದ ಮುಟ್ಟಿ ನೋಡಿ. ಒಣ ಪುಡಿಯಾಗಿ ಉದುರಿದರೆ ಕಾರಣ ನಿಮ್ಮ ಓಡಾಟದಲ್ಲಿರಬಹುದು: ಎಂಜಿನ್ ಬಿಸಿಯಾಗುವ ಮೊದಲೇ ಮುಗಿಯುವ ಎರಡು ಮೂರು ಕಿಲೋಮೀಟರಿನ ಓಟಗಳು. ತಿಂಗಳಿಗೊಮ್ಮೆಯಾದರೂ ಹೆದ್ದಾರಿಯಲ್ಲಿ ಒಂದು ತಾಸು ಓಡಿಸಿ. ಬದಲಿಗೆ ಜಿಡ್ಡಾಗಿ, ಒದ್ದೆಯಾಗಿ ಬೆರಳಿಗೆ ಅಂಟಿದರೆ ಎಣ್ಣೆ ಎಲ್ಲಿಂದಲೋ ಅತಿಯಾಗಿ ಬರುತ್ತಿದೆ. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊವಿನ ಸೀಲ್ ಮತ್ತು ಬ್ರೀದರ್ ಕೊಳವೆಯನ್ನು ಅಲ್ಲೇ, ಬಾನೆಟ್ ಮುಚ್ಚುವ ಮೊದಲೇ ತೋರಿಸಲು ಹೇಳಿ.