ಮಲೆನಾಡಿನ ಮಕ್ಕಳು ಕೋವಿ ಹಿಡಿದಿದ್ದು ಹೇಗೆ?

2025ರ ಜನವರಿ 8ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಎದುರು ಆರು ಮಂದಿ ನಕ್ಸಲರು ಶರಣಾದರು. ಆರರಲ್ಲಿ ನಾಲ್ವರು ಹೆಣ್ಣುಮಕ್ಕಳು. ಮುಂದೆ ನಿಂತವರು ಶೃಂಗೇರಿ ಕಡೆಯ ಮುಂಡಗಾರು ಲತಾ. ಅದಕ್ಕೂ ಹಿಂದಿನ ನವೆಂಬರ್‌ನಲ್ಲಿ ಹೆಬ್ರಿ ಬಳಿಯ ಪೀತಬೈಲಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಸತ್ತಿದ್ದರು. ಅಡಿಕೆ, ಕಾಫಿ, ಮಳೆ ಅಂತಿರುವ ನಮ್ಮ ಕಡೆ ನಕ್ಸಲರು ಎಲ್ಲಿಂದ ಬಂದರು ಅಂತ ಈಗಿನ ಹುಡುಗರು ಕೇಳುತ್ತಾರೆ. ಹೊರಗಿನವರು ಬಂದು ತಲೆ ಕೆಡಿಸಿದರು ಅನ್ನುತ್ತಾರೆ ಒಬ್ಬರು. ಅರಣ್ಯ ಇಲಾಖೆಯ ಕಾಟ ತಡೆಯದೆ ಹೋದರು ಅನ್ನುತ್ತಾರೆ ಇನ್ನೊಬ್ಬರು. ಎರಡೂ ಅರ್ಧರ್ಧ ನಿಜ.

ಜಮೀನಿನ ಹೋರಾಟ ಮಲೆನಾಡಿಗೆ ಹೊಸದೇನಲ್ಲ. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಭತ್ತ ಅಳೆಯುವ ಕೊಳಗದ ಅಳತೆ ವಿಷಯಕ್ಕೆ ತಿರುಗಿಬಿದ್ದರು, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು, 1974ರ ಭೂ ಸುಧಾರಣೆಯಲ್ಲಿ ಎಷ್ಟೋ ಗೇಣಿದಾರರು ಮಾಲೀಕರಾದರು. ಅಷ್ಟಕ್ಕೂ ಯಾರೂ ಕೋವಿ ಎತ್ತಲಿಲ್ಲ. ಆದರೆ ಕಾಡಿನೊಳಗೇ ಮನೆ ಮಾಡಿಕೊಂಡಿದ್ದ ಮಲೆಕುಡಿಯರು, ಗೌಡಲು ಮುಂತಾದ ಆದಿವಾಸಿಗಳು, ಸಣ್ಣ ಒತ್ತುವರಿದಾರರು ಯಾರ ಗೇಣಿದಾರರೂ ಆಗಿರಲಿಲ್ಲ. ಅವರ ಗದ್ದೆಗೆ ಒಡೆಯ ಅಂದರೆ ಸರ್ಕಾರವೇ. ‘ಉಳುವವನೇ ಹೊಲದೊಡೆಯ’ ಅನ್ನುವ ಮಾತು ಅವರ ಅಂಗಳದವರೆಗೆ ಬರಲೇ ಇಲ್ಲ.

1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಕಾಡನ್ನು ಕುದುರೆಮುಖ ರಾಷ್ಟ್ರೀಯ ಉದ್ಯಾನ ಮಾಡುವ ಪ್ರಾಥಮಿಕ ಅಧಿಸೂಚನೆ ಬಂತು. 2001ರಲ್ಲಿ ಅಂತಿಮ ಅಧಿಸೂಚನೆ ಆಯಿತು. ಅಲ್ಲಿಂದ ಎಲ್ಲವೂ ಬಿಗಿಯಾಯಿತು. ಜೇನು, ಸೀಗೆ, ರಾಮಪತ್ರೆ ತಂದು ಮಾರುವುದೇ ಅಪರಾಧ. ಊರಿಗೊಂದು ರಸ್ತೆ, ಹಳ್ಳಕ್ಕೊಂದು ಸೇತುವೆ, ಮನೆಗೊಂದು ಕರೆಂಟು ಕೇಳಿದರೂ ‘ಉದ್ಯಾನದೊಳಗೆ ಆಗಲ್ಲ’ ಅನ್ನುವ ಉತ್ತರ. ಅದೇ ಗುಡ್ಡಗಳ ನಡುವೆ ಕಬ್ಬಿಣದ ಅದಿರಿನ ಗಣಿ ಮಾತ್ರ ಹಗಲು ರಾತ್ರಿ ನಡೆಯುತ್ತಿತ್ತು. ಸುಪ್ರೀಂ ಕೋರ್ಟ್ ಹೇಳಿದ ಮೇಲೆ, 2005ರ ಕೊನೆಗೆ ಅದು ನಿಂತಿತು. ಗುಡ್ಡ ಬಗೆಯುವವರಿಗೆ ಇಷ್ಟು ವರ್ಷ ಜಾಗ ಕೊಟ್ಟ ಕಾಡಿನಲ್ಲಿ ಜೇನು ಕೀಳುವವನಿಗೆ ಜಾಗ ಇಲ್ಲವೇ? ಈ ಪ್ರಶ್ನೆಗೆ ಯಾವ ಕಚೇರಿಯಲ್ಲೂ ನೆಟ್ಟಗೆ ಉತ್ತರ ಸಿಗಲಿಲ್ಲ.

ಆ ಹೊತ್ತಿಗೆ ಇನ್ನೊಂದು ದಾರಿಯಿಂದ ಬೇರೆ ಜನ ಬಂದರು. ಅವರಲ್ಲಿ ಮುಖ್ಯರು ಸಾಕೇತ್ ರಾಜನ್. ಮೈಸೂರಿನವರು, ಸೇನಾಧಿಕಾರಿಯ ಮಗ, ದೆಹಲಿಯಲ್ಲಿ ಪತ್ರಿಕೋದ್ಯಮ ಓದಿದವರು. ‘ಸಾಕಿ’ ಹೆಸರಿನಲ್ಲಿ ಇಂಗ್ಲಿಷಿನಲ್ಲಿ ಕರ್ನಾಟಕದ ಇತಿಹಾಸ ಬರೆದವರು. ಅವರ ಪತ್ನಿ ರಾಜೇಶ್ವರಿ 2001ರಲ್ಲಿ ಆಂಧ್ರದಲ್ಲಿ ಎನ್‌ಕೌಂಟರ್‌ಗೆ ಬಲಿಯಾದರು. ದಟ್ಟ ಕಾಡು, ಗುಡ್ಡ, ಮೂರು ಜಿಲ್ಲೆಗಳ ಗಡಿ, ಹೀಗಾಗಿ ಗೆರಿಲ್ಲಾ ಹೋರಾಟಕ್ಕೆ ಮಲೆನಾಡು ಸರಿ ಅನ್ನುವುದು ಅವರ ನಕ್ಸಲ್ ಸಂಘಟನೆಯ ಲೆಕ್ಕ. ಹೀಗೆ ನಕ್ಷೆ ನೋಡಿ ಬಂದವರೂ ಹಕ್ಕುಪತ್ರ ಇಲ್ಲದವರೂ ಒಂದೇ ಧರಣಿಯಲ್ಲಿ ಕೂತರು.

ಊರಿನ ಹುಡುಗ ಹುಡುಗಿಯರು ಒಂದೇ ದಿನಕ್ಕೆ ಬಂದೂಕು ಹಿಡಿಯಲಿಲ್ಲ. ಮೊದಲು ಉದ್ಯಾನ ವಿರೋಧಿ ಮೆರವಣಿಗೆ, ಹೋರಾಟದ ಹಾಡು, ಕರಪತ್ರ. ಆಮೇಲೆ ಒಂದು ಕೇಸು. ಕೇಸು ಬಿದ್ದ ಮೇಲೆ ಮನೆಗೆ ಪೊಲೀಸರು, ಅಪ್ಪ ಅಮ್ಮನಿಗೆ ವಿಚಾರಣೆ. ಅಷ್ಟಾದ ಮೇಲೆ ಮನೆಯಲ್ಲಿ ಮಲಗುವುದಕ್ಕಿಂತ ಕಾಡಿನಲ್ಲಿ ಮಲಗುವುದೇ ಸಲೀಸು ಅನ್ನಿಸಿದವರಿದ್ದರು. ಎಲ್ಲರದ್ದೂ ಸಿದ್ಧಾಂತದ ಓದು ಅಂದುಕೊಂಡರೆ ತಪ್ಪಾಗುತ್ತದೆ.

2003ರ ನವೆಂಬರ್ 17ರಂದು ಕಾರ್ಕಳ ತಾಲ್ಲೂಕಿನ ಈದುವಿನಲ್ಲಿ ಹಾಜಿಮಾ ಮತ್ತು ಪಾರ್ವತಿ ಎಂಬ ಇಬ್ಬರು ನಕ್ಸಲ್ ಯುವತಿಯರು ಪೊಲೀಸರ ಗುಂಡಿಗೆ ಬಲಿಯಾದರು. ಸರ್ಕಾರ ಮತ್ತು ನಕ್ಸಲರ ನಡುವೆ ಮಾತುಕತೆ ಆಗಲಿ ಅಂತ ಪತ್ರಕರ್ತೆ ಗೌರಿ ಲಂಕೇಶ್ ಮತ್ತು ಕೆಲವರು ಓಡಾಡಿದರು. ಆದರೆ 2005ರ ಫೆಬ್ರವರಿ 6ರಂದು ಚಿಕ್ಕಮಗಳೂರು ಜಿಲ್ಲೆಯ ಬಾಳಿಗೆಯ ಹತ್ತಿರ ಸಾಕೇತ್ ಪೊಲೀಸರ ಗುಂಡಿಗೆ ಸತ್ತರು. ನಾಲ್ಕೈದು ದಿನ ಕಳೆಯುವಷ್ಟರಲ್ಲಿ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ಪೊಲೀಸ್ ಕ್ಯಾಂಪಿನ ಮೇಲೆ ನಕ್ಸಲರ ದಾಳಿ. ಸತ್ತ ಪೊಲೀಸರೂ ಬಡವರ ಮನೆಯ ಮಕ್ಕಳೇ ಅಲ್ವಾ? ಮಾಹಿತಿದಾರರು ಅನ್ನುವ ಸಂಶಯಕ್ಕೆ ನಕ್ಸಲರು ಊರಿನವರನ್ನೇ ಕೊಂದರು. 2007ರ ಜುಲೈನಲ್ಲಿ ಮೆಣಸಿನಹಾಡ್ಯದಲ್ಲಿ ಪೊಲೀಸರ ಗುಂಡಿಗೆ ಐವರು ಸತ್ತರು, ಅವರಲ್ಲಿ ಊರಿನ ಆದಿವಾಸಿಗಳೂ ಇದ್ದರು. ರಾತ್ರಿ ಬಂದವರಿಗೆ ಅನ್ನ ಹಾಕಿದರೆ ಬೆಳಗ್ಗೆ ಪೊಲೀಸರು, ಹಾಕದಿದ್ದರೆ ರಾತ್ರಿ ಬಂದವರದೇ ಭಯ. ಕಾಡಂಚಿನ ಮನೆಗಳವರು ಅನುಭವಿಸಿದ್ದು ಇದು.

ಒಳಗೂ ಒಡಕಿತ್ತು. ಮಲೆನಾಡಿಗೆ ಬಂದೂಕು ಹೊಂದುವುದಿಲ್ಲ ಅನ್ನುವವರು 2006ರ ಸುಮಾರಿಗೆ ಬೇರೆಯಾದರು. ಆ ಪೈಕಿ ಸಿರಿಮನೆ ನಾಗರಾಜ್, ನೂರ್ ಶ್ರೀಧರ್ 2014ರ ಡಿಸೆಂಬರ್‌ನಲ್ಲಿ ಚಿಕ್ಕಮಗಳೂರಿನಲ್ಲಿ ಮುಖ್ಯವಾಹಿನಿಗೆ ಬಂದರು. ಉಳಿದವರು ಕೇರಳದ ಕಾಡಿಗೂ ಇಲ್ಲಿಗೂ ಓಡಾಡುತ್ತ ಕಡಿಮೆಯಾಗುತ್ತ ಹೋದರು. 2025ರ ಫೆಬ್ರವರಿ ಆರಂಭದಲ್ಲಿ ಇನ್ನಿಬ್ಬರು ಶರಣಾದರು. ಅಲ್ಲಿಗೆ ರಾಜ್ಯ ನಕ್ಸಲ್ ಮುಕ್ತ ಅಂತ ಘೋಷಣೆಯಾಯಿತು.

ನಡುವೆ ಕಾಡಿನಲ್ಲಿ ಬದುಕುವವರಿಗೆ ಭೂಮಿ ಹಕ್ಕು ಕೊಡುವ 2006ರ ಅರಣ್ಯ ಹಕ್ಕು ಕಾಯ್ದೆಯೂ ಬಂತು. ಬುಡಕಟ್ಟಿಗೆ ಸೇರದವರು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲೇ ಇದ್ದುದಕ್ಕೆ ಸಾಕ್ಷಿ ಕೊಡಬೇಕು ಅನ್ನುತ್ತದೆ ಅದು. ವರ್ಷಕ್ಕೊಮ್ಮೆ ಸೋಗೆ ಹೊದಿಸುವ ಮನೆಯಲ್ಲಿ 75 ವರ್ಷದ ಕಾಗದ ಎಲ್ಲಿ ಉಳಿದೀತು? ಪಶ್ಚಿಮಘಟ್ಟ ಉಳಿಸುವ ಬಗೆಗಿನ ಕಸ್ತೂರಿರಂಗನ್ ವರದಿ ಆಧರಿಸಿದ ಆರನೇ ಕರಡು ಅಧಿಸೂಚನೆ 2024ರ ಜುಲೈನಲ್ಲಿ ಬಂತು. ಕರ್ನಾಟಕದ 20,668 ಚದರ ಕಿಲೋಮೀಟರ್ ಪರಿಸರ ಸೂಕ್ಷ್ಮ ಪ್ರದೇಶ ಅಂತ ಅದರಲ್ಲಿತ್ತು. ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಅದನ್ನು ತಿರಸ್ಕರಿಸಿತು. ಅದಾಗಿ ನಾಲ್ಕು ತಿಂಗಳೊಳಗೆ ಶರಣಾದ ಆರು ಮಂದಿಯ ಬೇಡಿಕೆಗಳಲ್ಲಿ ಕಾಡಂಚಿನ ಜನರ ಭೂಮಿ ಹಕ್ಕೂ ಒಂದಾಗಿತ್ತು.